ಪ್ರೌಢಶಾಲಾ ಹಂತದ ಪಠ್ಯೇತರ ಚಟುವಟಿಕೆಗಳ ಆಯ್ಕೆ ಮತ್ತು ಕಾಲೇಜು ಪ್ರವೇಶ: ವಿದ್ಯಾರ್ಥಿಗಳು ಹಾಗೂ ಪೋಷಕರಿಗೆ ಮಾಹಿತಿ

ಎಂಟನೆಯ ತರಗತಿಯಿಂದ ದ್ವಿತೀಯ ಪಿ.ಯು.ಸಿ.ವರೆಗಿನ ಐದು ವರ್ಷಗಳಲ್ಲಿ ವಿದ್ಯಾರ್ಥಿಯು ಪಾಠದ ಹೊರಗೆ ಕೈಗೊಳ್ಳುವ ಕ್ರೀಡೆ, ಸಂಗೀತ, ಎನ್.ಸಿ.ಸಿ., ಸ್ಕೌಟ್ಸ್, ವಿಜ್ಞಾನ ಸ್ಪರ್ಧೆ ಮುಂತಾದ ಚಟುವಟಿಕೆಗಳು ಮುಂದೆ ಕಾಲೇಜು ಪ್ರವೇಶಕ್ಕೆ ಎಷ್ಟರಮಟ್ಟಿಗೆ ನೆರವಾಗುತ್ತವೆ ಎಂಬ ಬಗ್ಗೆ ಸಾರ್ವಜನಿಕರಲ್ಲಿ ಎರಡು ಬಗೆಯ ತಪ್ಪು ತಿಳಿವಳಿಕೆ ಕಂಡುಬರುತ್ತದೆ. ದೊರೆತ ಪ್ರತಿಯೊಂದು ಪ್ರಮಾಣಪತ್ರಕ್ಕೂ ಎಲ್ಲಿಯೋ ಒಂದು ಕಡೆ ಅಂಕ ಸಿಗುತ್ತದೆ ಎಂದು ನಂಬಿ ಶುಲ್ಕ ತೆತ್ತು ಪ್ರಮಾಣಪತ್ರಗಳನ್ನು ಸಂಗ್ರಹಿಸುವ ಕುಟುಂಬಗಳಿವೆ. ಇವುಗಳಿಂದ ಯಾವ ಪ್ರಯೋಜನವೂ ಇಲ್ಲವೆಂದು ತೀರ್ಮಾನಿಸಿ, ಜಿಲ್ಲಾ ಮಟ್ಟದಲ್ಲಿ ಓಡಿ ಗೆದ್ದ ಮಗಳನ್ನು ಹತ್ತನೆಯ ತರಗತಿಗೆ ಬರುತ್ತಲೇ ಮೈದಾನದಿಂದ ಹಿಂದಕ್ಕೆ ಕರೆಯುವ ಕುಟುಂಬಗಳೂ ಇವೆ. ಮೊದಲನೆಯದರಿಂದ ಹಣ ವ್ಯರ್ಥವಾಗುತ್ತದೆ; ಎರಡನೆಯದರಿಂದ ನ್ಯಾಯವಾಗಿ ಕೇಳಬಹುದಾಗಿದ್ದ ಒಂದು ಸೀಟೇ ಕೈತಪ್ಪಬಹುದು.

ವಸ್ತುಸ್ಥಿತಿ ಹೀಗಿದೆ: ಚಟುವಟಿಕೆಗಳನ್ನು ಪರಿಗಣಿಸುವ ಪ್ರವೇಶ ಮಾರ್ಗಗಳು ಕೆಲವೇ ಇವೆ. ಪ್ರತಿಯೊಂದು ಮಾರ್ಗವೂ ನಿರ್ದಿಷ್ಟ ಸಂಸ್ಥೆಯು ನೀಡಿದ, ನಿರ್ದಿಷ್ಟ ಮಟ್ಟದ, ನಿರ್ದಿಷ್ಟ ಅವಧಿಯೊಳಗಿನ ಸಾಧನೆಯನ್ನು ಮಾತ್ರ ಕೇಳುತ್ತದೆ. ಆದುದರಿಂದ ಯಾವ ಚಟುವಟಿಕೆಯನ್ನು ಆರಿಸಿಕೊಳ್ಳಬೇಕು ಎಂಬ ಪ್ರಶ್ನೆಯನ್ನು ಪಿ.ಯು.ಸಿ. ಮುಗಿಯುವಾಗಲ್ಲ, ಎಂಟನೆಯ ತರಗತಿಯಲ್ಲಿಯೇ ಕೇಳಿಕೊಳ್ಳುವುದು ಅವಶ್ಯ.

ಸಾಮಾನ್ಯ ಅರ್ಹತಾ ಪಟ್ಟಿಯಲ್ಲಿ ಚಟುವಟಿಕೆಗಳ ಸ್ಥಾನ

ಕರ್ನಾಟಕದಲ್ಲಿ ಇಂಜಿನಿಯರಿಂಗ್ ಪದವಿಯ ಸರ್ಕಾರಿ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಸಿದ್ಧಪಡಿಸುವ ರ‍್ಯಾಂಕ್ ಪಟ್ಟಿಯು ದ್ವಿತೀಯ ಪಿ.ಯು.ಸಿ.ಯ ಸಂಬಂಧಿತ ವಿಷಯಗಳ ಅಂಕ ಮತ್ತು ಸಾಮಾನ್ಯ ಪ್ರವೇಶ ಪರೀಕ್ಷೆಯ (ಸಿ.ಇ.ಟಿ.) ಅಂಕಗಳನ್ನು ಸಮ ಪ್ರಮಾಣದಲ್ಲಿ ಆಧರಿಸಿದೆ. ವೈದ್ಯಕೀಯ ಮತ್ತು ದಂತ ವೈದ್ಯಕೀಯ ಪದವಿಗೆ ನೀಟ್ ಪರೀಕ್ಷೆಯ ರ‍್ಯಾಂಕ್ ಆಧಾರವಾಗಿದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಐದು ವರ್ಷದ ಪದವಿಗೆ ಕ್ಲಾಟ್ ಪರೀಕ್ಷೆಯ ರ‍್ಯಾಂಕ್ ಆಧಾರವಾಗಿದೆ. ಈ ಯಾವ ಪಟ್ಟಿಯಲ್ಲಿಯೂ ಭಾಷಣ ಸ್ಪರ್ಧೆಯ ಬಹುಮಾನಕ್ಕಾಗಲಿ, ನೃತ್ಯ ಪರೀಕ್ಷೆಯ ಉತ್ತೀರ್ಣತೆಗಾಗಲಿ ಹೆಚ್ಚುವರಿ ಅಂಕಗಳನ್ನು ಸೇರಿಸಲಾಗುವುದಿಲ್ಲ. ಇದನ್ನು ಪೋಷಕರು ಮೊದಲೇ ಸ್ಪಷ್ಟವಾಗಿ ತಿಳಿದಿರುವುದು ಒಳಿತು.

ಆದರೆ ಅದೇ ಸಿ.ಇ.ಟಿ. ವ್ಯವಸ್ಥೆಯಲ್ಲಿ ಎನ್.ಸಿ.ಸಿ., ಕ್ರೀಡೆ ಹಾಗೂ ಸ್ಕೌಟ್ಸ್ ಮತ್ತು ಗೈಡ್ಸ್ ಎಂಬ ವಿಶೇಷ ಪ್ರವರ್ಗಗಳಿವೆ. ಈ ಪ್ರವರ್ಗಗಳಲ್ಲಿ ಸೀಟು ಕೋರುವವರು ಇತರ ಅಭ್ಯರ್ಥಿಗಳಂತೆಯೇ ಪರೀಕ್ಷೆ ಬರೆದು, ಸಾಮಾನ್ಯ ಅರ್ಹತೆಯನ್ನೂ ಹೊಂದಿದ್ದು, ಅದರ ಜೊತೆಗೆ ಚಟುವಟಿಕೆಯ ಪ್ರಮಾಣಪತ್ರಗಳನ್ನು ಹಾಜರುಪಡಿಸಬೇಕು. ಸೀಟುಗಳು ಕಡಿಮೆ, ಸ್ಪರ್ಧಿಸುವವರೂ ಕಡಿಮೆ. ಪ್ರೌಢಶಾಲೆಯ ದಿನಗಳ ಆಯ್ಕೆಯು ನೇರವಾಗಿ ಫಲ ನೀಡುವುದು ಇಲ್ಲಿಯೇ.

ಎನ್.ಸಿ.ಸಿ.: ವರ್ಷಗಳ ಲೆಕ್ಕಾಚಾರ

ರಾಷ್ಟ್ರೀಯ ಕೆಡೆಟ್ ದಳವು 1948ರ ಅಧಿನಿಯಮದ ಮೇರೆಗೆ ಸ್ಥಾಪಿತವಾಗಿದ್ದು, ರಾಜ್ಯದಲ್ಲಿ ಅದರ ಕಾರ್ಯವನ್ನು ಬೆಂಗಳೂರಿನಲ್ಲಿರುವ ಕರ್ನಾಟಕ ಮತ್ತು ಗೋವಾ ನಿರ್ದೇಶನಾಲಯವು ನಿರ್ವಹಿಸುತ್ತದೆ. ಪ್ರೌಢಶಾಲೆಯ ಬಾಲಕರಿಗೆ ಜೂನಿಯರ್ ಡಿವಿಜನ್, ಬಾಲಕಿಯರಿಗೆ ಜೂನಿಯರ್ ವಿಂಗ್ ಇರುತ್ತದೆ. ಹದಿಮೂರು ವರ್ಷ ತುಂಬಿದವರು ಸೇರಬಹುದು.

ಇಲ್ಲಿ ಗಮನಿಸಬೇಕಾದುದು ಅವಧಿ. ‘ಎ’ ಪ್ರಮಾಣಪತ್ರದ ಪರೀಕ್ಷೆಗೆ ಕುಳಿತುಕೊಳ್ಳಲು ಎರಡು ವರ್ಷಗಳ ತರಬೇತಿ, ಶೇಕಡ 75ರ ಹಾಜರಾತಿ ಮತ್ತು ಒಂದು ವಾರ್ಷಿಕ ತರಬೇತಿ ಶಿಬಿರ ಆಗಿರಬೇಕು. ಎಂಟನೆಯ ತರಗತಿಯಲ್ಲಿ ಸೇರಿದವರು ಒಂಬತ್ತನೆಯ ತರಗತಿಯ ಕೊನೆಗೆ ಈ ಪರೀಕ್ಷೆಯನ್ನು ಮುಗಿಸಿ, ಎಸ್.ಎಸ್.ಎಲ್.ಸಿ. ವರ್ಷವನ್ನು ನಿರಾತಂಕವಾಗಿ ಓದಿಗೆ ಮೀಸಲಿಡಬಹುದು. ಒಂಬತ್ತರಲ್ಲಿ ಸೇರಿದವರಿಗೆ ಕವಾಯತು, ಶಿಬಿರ ಮತ್ತು ಪ್ರಮಾಣಪತ್ರ ಪರೀಕ್ಷೆಗಳು ಹತ್ತನೆಯ ತರಗತಿಯ ಮೇಲೆ ಬೀಳುತ್ತವೆ. ಅನೇಕರು ಆ ವರ್ಷ ಶಿಬಿರವನ್ನು ಬಿಟ್ಟು, ಎರಡು ವರ್ಷದ ಶ್ರಮವನ್ನು ಪ್ರಮಾಣಪತ್ರವಿಲ್ಲದೆ ಕೈಬಿಡುತ್ತಾರೆ. ಒಂದು ವರ್ಷದ ಈ ವ್ಯತ್ಯಾಸವನ್ನು ಸೇರ್ಪಡೆಯ ದಿನ ಯಾರೂ ವಿವರಿಸದಿರುವುದೇ ಇದಕ್ಕೆ ಬಹುಮಟ್ಟಿಗೆ ಕಾರಣ.

ಸೀನಿಯರ್ ವಿಭಾಗದ ‘ಬಿ’ ಪ್ರಮಾಣಪತ್ರಕ್ಕೆ ಎರಡು ವರ್ಷ, ‘ಸಿ’ ಪ್ರಮಾಣಪತ್ರಕ್ಕೆ ಮೂರು ವರ್ಷಗಳ ತರಬೇತಿ ಬೇಕು. ದೆಹಲಿಯಲ್ಲಿ ಪ್ರತಿ ಜನವರಿಯಲ್ಲಿ ನಡೆಯುವ ಗಣರಾಜ್ಯೋತ್ಸವ ಶಿಬಿರಕ್ಕೆ ಆಯ್ಕೆಯಾಗುವುದು ಕೆಡೆಟ್ ಒಬ್ಬರ ಪಾಲಿಗೆ ದೊಡ್ಡ ಸಾಧನೆಯೆಂದು ಪರಿಗಣಿತವಾಗಿದೆ. ಅಲ್ಲಿಗೆ ತಲುಪಲು ಹಂತಹಂತವಾಗಿ ಹಲವು ಆಯ್ಕೆ ಶಿಬಿರಗಳನ್ನು ದಾಟಬೇಕಾಗುತ್ತದೆ.

ಎಲ್ಲ ಶಾಲೆಗಳಲ್ಲಿ ಎನ್.ಸಿ.ಸಿ. ಘಟಕವಿಲ್ಲ, ಇರುವಲ್ಲಿಯೂ ಕೆಡೆಟ್‌ಗಳ ಸಂಖ್ಯೆ ಮಿತವಾಗಿರುತ್ತದೆ. ಏಳನೆಯ ತರಗತಿಯ ನಂತರ ಶಾಲೆ ಬದಲಿಸುವ ಕುಟುಂಬಗಳು ಹೊಸ ಶಾಲೆಯಲ್ಲಿ ಘಟಕವಿದೆಯೇ ಎಂಬುದನ್ನು ಪ್ರವೇಶಕ್ಕೆ ಮೊದಲೇ ವಿಚಾರಿಸುವುದು ಸೂಕ್ತ. ತರಬೇತಿಯ ನಡುವೆ ಶಾಲೆ ಬದಲಾದರೆ ತರಬೇತಿ ತುಂಡಾಗುವ ಸಂಭವವಿದೆ.

ಸ್ಕೌಟ್ಸ್ ಮತ್ತು ಗೈಡ್ಸ್

1950ರ ನವೆಂಬರ್ 7ರಂದು ಅಸ್ತಿತ್ವಕ್ಕೆ ಬಂದ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯಲ್ಲಿ ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರ ಎಂಬ ಮೆಟ್ಟಿಲುಗಳಿವೆ. ಯಾವ ಮೆಟ್ಟಿಲನ್ನೂ ಹಾರಿ ಮುಂದಕ್ಕೆ ಹೋಗಲಾಗದು; ಪ್ರತಿಯೊಂದಕ್ಕೂ ನಿಗದಿತ ಕಾಲವಿದೆ. ಒಂಬತ್ತನೆಯ ತರಗತಿಯ ಕೊನೆಯಲ್ಲಿ ಸಮವಸ್ತ್ರ ಹೊಲಿಸಿದ ವಿದ್ಯಾರ್ಥಿಗೆ ಹತ್ತನೆಯ ತರಗತಿಯೊಳಗೆ ರಾಷ್ಟ್ರಪತಿ ಪುರಸ್ಕಾರ ದೊರೆಯಲು ಕಾಲಾವಕಾಶವೇ ಇರುವುದಿಲ್ಲ. ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳಲ್ಲಿಯೇ ಸೇರಿದವರಿಗೆ ಈ ಮಾರ್ಗ ಸುಗಮ. ಖರ್ಚು ಕಡಿಮೆ ಇರುವುದರಿಂದ ಗ್ರಾಮೀಣ ಶಾಲೆಗಳ ಮಕ್ಕಳಿಗೂ ಇದು ಕೈಗೆಟುಕುತ್ತದೆ.

ಕ್ರೀಡೆ: ಮಟ್ಟ ಮತ್ತು ಮಾನ್ಯತೆ

ಕ್ರೀಡಾ ಪ್ರವರ್ಗದಲ್ಲಿ ಗೆಲುವಿನಷ್ಟೇ ಮುಖ್ಯವಾದುದು ಆ ಗೆಲುವು ಯಾವ ಕ್ರೀಡಾಕೂಟದಲ್ಲಿ ದೊರೆಯಿತು ಎಂಬುದು. ಶಾಲಾ ಕ್ರೀಡಾಕೂಟಗಳು ಹೋಬಳಿ ಅಥವಾ ವಲಯ ಮಟ್ಟದಿಂದ ಆರಂಭವಾಗಿ ತಾಲ್ಲೂಕು, ಜಿಲ್ಲೆ, ವಿಭಾಗ ಮತ್ತು ರಾಜ್ಯ ಮಟ್ಟವನ್ನು ತಲುಪುತ್ತವೆ. ಅಲ್ಲಿಂದ ಆಯ್ಕೆಯಾದವರು ರಾಷ್ಟ್ರೀಯ ಶಾಲಾ ಕ್ರೀಡಾಕೂಟಕ್ಕೆ ಹೋಗುತ್ತಾರೆ. 1954ರಲ್ಲಿ ಸ್ಥಾಪಿತವಾದ ಭಾರತೀಯ ಶಾಲಾ ಕ್ರೀಡಾ ಒಕ್ಕೂಟದ ವಯೋಮಿತಿಯು 14, 17 ಮತ್ತು 19 ವರ್ಷದೊಳಗಿನವರು ಎಂಬ ಮೂರು ವಿಭಾಗಗಳಲ್ಲಿದೆ. ರಾಜ್ಯವನ್ನು ಪ್ರತಿನಿಧಿಸಿ ರಾಷ್ಟ್ರಮಟ್ಟದಲ್ಲಿ ಪದಕ ಪಡೆದವರ ಸ್ಥಾನ ಮೇಲಿರುತ್ತದೆ. ತಾಲ್ಲೂಕು ಮಟ್ಟದ ಹತ್ತು ಪ್ರಶಸ್ತಿ ಪತ್ರಗಳು ಸೇರಿದರೂ ಅಂತಹ ಒಂದಕ್ಕೆ ಸಮನಾಗುವುದಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಪೋಷಕರು ವಿಶೇಷವಾಗಿ ಎಚ್ಚರ ವಹಿಸಬೇಕಾದ ಸಂಗತಿಯೊಂದಿದೆ. ‘ರಾಷ್ಟ್ರಮಟ್ಟದ’ ಅಥವಾ ‘ಅಂತರರಾಷ್ಟ್ರೀಯ’ ಎಂಬ ಹೆಸರು ಹೊತ್ತ, ಪ್ರವೇಶ ಶುಲ್ಕ ಪಡೆದು ಭಾಗವಹಿಸಿದ ಬಹುತೇಕ ಎಲ್ಲರಿಗೂ ಪದಕ ನೀಡುವ ಖಾಸಗಿ ಪಂದ್ಯಾವಳಿಗಳು ನಡೆಯುತ್ತವೆ. ಮಗುವಿಗೆ ಅಲ್ಲಿ ಸಂತೋಷ ದೊರೆಯಬಹುದು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಪದಕವನ್ನು ನಂಬಿ ಸೀಟು ಕೋರಿದ ಅಭ್ಯರ್ಥಿಯ ಕೋರಿಕೆ ದಾಖಲೆ ಪರಿಶೀಲನೆಯ ಮೇಜಿನ ಮುಂದೆ ತಿರಸ್ಕೃತವಾಗುತ್ತದೆ. ಶುಲ್ಕ ಕಟ್ಟುವ ಮೊದಲು, ಪಂದ್ಯಾವಳಿಯನ್ನು ನಡೆಸುವ ಸಂಸ್ಥೆಯು ಕೇಂದ್ರ ಯುವ ವ್ಯವಹಾರಗಳು ಮತ್ತು ಕ್ರೀಡಾ ಸಚಿವಾಲಯದ ಮಾನ್ಯತೆ ಪಡೆದ ಕ್ರೀಡಾ ಒಕ್ಕೂಟಕ್ಕೆ ಸೇರಿದೆಯೇ ಎಂದು ಪರಿಶೀಲಿಸುವುದು. ಮಾನ್ಯತೆ ಪಡೆದ ಒಕ್ಕೂಟಗಳ ಪಟ್ಟಿಯನ್ನು ಸಚಿವಾಲಯವು ಪ್ರಕಟಿಸುತ್ತದೆ. ಶಾಲೆಯ ದೈಹಿಕ ಶಿಕ್ಷಕರು ಈ ವಿಷಯದಲ್ಲಿ ಸಾಮಾನ್ಯವಾಗಿ ಪ್ರಚಾರ ಪತ್ರಗಳಿಗಿಂತ ಹೆಚ್ಚು ನಂಬಿಕೆಗೆ ಅರ್ಹರು.

ಹತ್ತನೆಯ ತರಗತಿಯ ವರ್ಷ ಆಟ ನಿಲ್ಲಿಸಿ ಪಿ.ಯು.ಸಿ.ಯಲ್ಲಿ ಮತ್ತೆ ಆರಂಭಿಸುವ ಯೋಜನೆ ಹಲವರಲ್ಲಿದೆ. ಅಥ್ಲೆಟಿಕ್ಸ್, ಈಜು ಮೊದಲಾದ ಕ್ರೀಡೆಗಳಲ್ಲಿ ಹದಿನೈದು ಹದಿನಾರರ ವಯಸ್ಸಿನ ಒಂದು ವರ್ಷದ ಬಿಡುವನ್ನು ಮರಳಿ ತುಂಬುವುದು ಕಷ್ಟ. ಅಭ್ಯಾಸದ ಅವಧಿಯನ್ನು ತಗ್ಗಿಸಿಕೊಂಡು ಮುಂದುವರಿಸುವುದು ಪೂರ್ತಿ ನಿಲ್ಲಿಸುವುದಕ್ಕಿಂತ ಲೇಸು. ಹೆಣ್ಣುಮಕ್ಕಳ ವಿಷಯದಲ್ಲಿ ಈ ನಿಲುಗಡೆ ಬಹಳ ಸಾರಿ ಓದಿನ ಕಾರಣಕ್ಕಲ್ಲ, ದೂರದ ಊರಿಗೆ ಪಂದ್ಯಕ್ಕೆ ಕಳುಹಿಸುವ ಹಿಂಜರಿಕೆಯಿಂದ ಆಗುತ್ತದೆ. ತಂಡದೊಂದಿಗೆ ಮಹಿಳಾ ಶಿಕ್ಷಕಿಯರು ಹೋಗುವರೇ, ವಸತಿ ಎಲ್ಲಿ ಎಂಬುದನ್ನು ಮುಖ್ಯೋಪಾಧ್ಯಾಯರಲ್ಲಿ ಕೇಳಿ ತಿಳಿಯುವ ಹಕ್ಕು ಪೋಷಕರಿಗಿದೆ. ಕೇಳಿ, ಖಚಿತಪಡಿಸಿಕೊಂಡು ಕಳುಹಿಸಬಹುದು.

ರಾಜ್ಯದ ಹೊರಗಿನ ಕೆಲವು ಮಾರ್ಗಗಳು

ಐ.ಐ.ಟಿ. ಮದ್ರಾಸ್ 2024-25ನೇ ಸಾಲಿನಿಂದ ಪ್ರತಿ ಪದವಿ ಕಾರ್ಯಕ್ರಮದಲ್ಲಿ ಎರಡು ಹೆಚ್ಚುವರಿ ಸೀಟುಗಳನ್ನು ಕ್ರೀಡಾ ಸಾಧಕರಿಗೆ ತೆರೆದಿದ್ದು, ಅವುಗಳಲ್ಲಿ ಒಂದು ವಿದ್ಯಾರ್ಥಿನಿಯರಿಗೆ ಮೀಸಲಾಗಿದೆ. ಲಲಿತಕಲೆ ಮತ್ತು ಸಂಸ್ಕೃತಿ ಕ್ಷೇತ್ರದ ಸಾಧಕರಿಗೆ 2025-26ರಿಂದ ಇಂತಹುದೇ ವ್ಯವಸ್ಥೆ ಆರಂಭವಾಯಿತು. ಈ ಎರಡಕ್ಕೂ ಜೆ.ಇ.ಇ. ಅಡ್ವಾನ್ಸ್ಡ್ ರ‍್ಯಾಂಕ್ ಪಟ್ಟಿಯಲ್ಲಿ ಸ್ಥಾನ ಪಡೆದಿರುವುದು ಕಡ್ಡಾಯ. ಅಂದರೆ ವೀಣೆಯಾಗಲಿ, ಬ್ಯಾಡ್ಮಿಂಟನ್ ಆಗಲಿ ಓದಿಗೆ ಬದಲಿಯಾಗಿ ನಿಲ್ಲುವುದಿಲ್ಲ.

ದೆಹಲಿ ವಿಶ್ವವಿದ್ಯಾಲಯವು 2022ರಿಂದ ಸಿ.ಯು.ಇ.ಟಿ. ಮೂಲಕ ಪದವಿ ಪ್ರವೇಶ ನೀಡುತ್ತಿದ್ದು, ಕ್ರೀಡೆ ಮತ್ತು ಪಠ್ಯೇತರ ಚಟುವಟಿಕೆಗಳಿಗೆ ಹೆಚ್ಚುವರಿ ಸೀಟುಗಳನ್ನು ಇರಿಸಿದೆ. ಸಂಗೀತ, ನೃತ್ಯ, ರಂಗಭೂಮಿ, ಚರ್ಚಾಸ್ಪರ್ಧೆ, ಸೃಜನಶೀಲ ಬರವಣಿಗೆ, ಯೋಗ, ಎನ್.ಸಿ.ಸಿ., ಎನ್.ಎಸ್.ಎಸ್. ಮುಂತಾದವು ಆ ಪಟ್ಟಿಯಲ್ಲಿ ಸೇರಿವೆ. ಹಾಡುವವರು ತೀರ್ಪುಗಾರರ ಮುಂದೆ ಹಾಡಿ ತೋರಿಸಬೇಕಾಗುತ್ತದೆ; ಪ್ರಮಾಣಪತ್ರ ಮಾತ್ರವೇ ಸಾಲದು.

ವಿಜ್ಞಾನ ಮತ್ತು ಗಣಿತದಲ್ಲಿ ಆಸಕ್ತಿಯುಳ್ಳವರು ‘ಒಲಿಂಪಿಯಾಡ್’ ಎಂಬ ಪದದ ಬಗ್ಗೆ ಜಾಗರೂಕರಾಗಿರಬೇಕು. ಅಂತರರಾಷ್ಟ್ರೀಯ ಒಲಿಂಪಿಯಾಡ್‌ಗಳಿಗೆ ಭಾರತದ ತಂಡವನ್ನು ಆರಿಸುವ ಕಾರ್ಯಕ್ರಮದ ಕೇಂದ್ರವು ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವಾಗಿದೆ. ವಿಜ್ಞಾನ ವಿಷಯಗಳ ಮೊದಲ ಹಂತದ ಪರೀಕ್ಷೆಯನ್ನು ಭಾರತೀಯ ಭೌತಶಾಸ್ತ್ರ ಶಿಕ್ಷಕರ ಸಂಘವೂ, ಗಣಿತದ್ದನ್ನು ಗಣಿತ ಶಿಕ್ಷಕರ ಸಂಘವೂ ನಡೆಸುತ್ತವೆ. ಐ.ಐ.ಟಿ. ಕಾನ್ಪುರ 2025-26ರಿಂದ ಕೆಲವು ವಿಭಾಗಗಳ ಪ್ರವೇಶಕ್ಕೆ ಪರಿಗಣಿಸುತ್ತಿರುವುದು ಈ ಸರಣಿಯ ಸಾಧನೆಯನ್ನು. ಇದೇ ಪದವನ್ನು ಬಳಸಿ ಶಾಲೆಗಳಲ್ಲಿ ಶುಲ್ಕ ಸಂಗ್ರಹಿಸುವ ಖಾಸಗಿ ಪರೀಕ್ಷೆಗಳು ಬೇರೆ. ಅಭ್ಯಾಸಕ್ಕೆ ಅವು ಉಪಯುಕ್ತವಾಗಬಹುದಾದರೂ ಅವುಗಳ ಚಿನ್ನದ ಪದಕವನ್ನು ಯಾವ ಐ.ಐ.ಟಿ.ಯೂ ಕೇಳುವುದಿಲ್ಲ.

ಸರ್ಕಾರಿ ಶಾಲೆಯ ವಿದ್ಯಾರ್ಥಿಗಳಿಗೆ ಶುಲ್ಕವಿಲ್ಲದೆ ದೊರೆಯುವ ಅವಕಾಶಗಳಲ್ಲಿ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್ ಮಾನಕ್ ಯೋಜನೆ ಮುಖ್ಯವಾದುದು. ಶಾಲೆಯು ವಿದ್ಯಾರ್ಥಿಗಳ ಸ್ವಂತ ಆಲೋಚನೆಗಳನ್ನು ಕಳುಹಿಸುತ್ತದೆ. ಆಯ್ಕೆಯಾದವರಿಗೆ ಮಾದರಿ ತಯಾರಿಸಲು 10,000 ರೂಪಾಯಿ ನೀಡಲಾಗುತ್ತದೆ. ಇದರಿಂದ ಸಿ.ಇ.ಟಿ.ಯಲ್ಲಿ ಸೀಟು ಬರುವುದಿಲ್ಲ. ಆದರೆ ತನ್ನೂರಿನ ಒಂದು ತೊಂದರೆಯನ್ನು ಕಂಡು ಅದಕ್ಕೆ ಸಾಧನವೊಂದನ್ನು ತಾನೇ ಮಾಡಿದ ಅನುಭವವು ಮುಂದೆ ಸಂದರ್ಶನವಿರುವ ಯಾವುದೇ ಕೋರ್ಸಿನಲ್ಲಿ ಹೇಳಿಕೊಳ್ಳಲು ಯೋಗ್ಯವಾದುದು. ಪ್ರತಿಭಾ ಕಾರಂಜಿಯೂ ಹಾಗೆಯೇ: ವೇದಿಕೆಯ ಅಂಜಿಕೆಯನ್ನು ಬಿಡಿಸುವುದಕ್ಕೆ ಅದಕ್ಕಿಂತ ಸುಲಭ ಸಾಧನ ಹಳ್ಳಿಯ ಮಗುವಿಗೆ ಮತ್ತೊಂದಿಲ್ಲ.

ವಿದೇಶಿ ವಿಶ್ವವಿದ್ಯಾಲಯಗಳಿಗೆ ಅರ್ಜಿ ಸಲ್ಲಿಸುವವರು

ಪಠ್ಯೇತರ ಚಟುವಟಿಕೆಗಳನ್ನು ಎಲ್ಲ ಅಭ್ಯರ್ಥಿಗಳಿಂದಲೂ ಕೇಳುವ ಪದ್ಧತಿ ಮುಖ್ಯವಾಗಿ ಅಮೆರಿಕದ್ದು. ಅಲ್ಲಿನ ನೂರಾರು ಕಾಲೇಜುಗಳು ಬಳಸುವ ‘ಕಾಮನ್ ಅಪ್ಲಿಕೇಶನ್’ ಎಂಬ ಸಾಮಾನ್ಯ ಅರ್ಜಿಯಲ್ಲಿ ಗರಿಷ್ಠ 10 ಚಟುವಟಿಕೆಗಳನ್ನು ನಮೂದಿಸಬಹುದು. ಪ್ರತಿಯೊಂದರ ವಿವರಣೆಗೆ ದೊರೆಯುವುದು 150 ಅಕ್ಷರಗಳ ಜಾಗ. ಅದರೊಂದಿಗೆ ಯಾವ ತರಗತಿಗಳಲ್ಲಿ, ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂಬುದನ್ನೂ ತಿಳಿಸಬೇಕು. ಈ ಕೊನೆಯ ಪ್ರಶ್ನೆಗಳಿಂದಲೇ ಒಂದು ವಾರದ ಬೇಸಿಗೆ ಶಿಬಿರಕ್ಕೂ ನಾಲ್ಕು ವರ್ಷದ ಯಕ್ಷಗಾನ ಅಭ್ಯಾಸಕ್ಕೂ ಇರುವ ಅಂತರ ಓದುವವರಿಗೆ ಕಾಣುತ್ತದೆ. ಹತ್ತನ್ನೂ ತುಂಬಲೇಬೇಕೆಂಬ ನಿಯಮವಿಲ್ಲ. ಎಂ.ಐ.ಟಿ.ಯು ತನ್ನದೇ ಆದ ಅರ್ಜಿಯಲ್ಲಿ ನಾಲ್ಕು ಚಟುವಟಿಕೆಗಳನ್ನು ಮಾತ್ರ ಕೇಳುತ್ತದೆ.

ಕನ್ನಡ ನಾಡಿನ ಅನೇಕ ವಿದ್ಯಾರ್ಥಿಗಳಿಗೆ ತಿಳಿಯದ ಅಂಶವೊಂದು ಆ ಅರ್ಜಿಯಲ್ಲಿದೆ. ಚಟುವಟಿಕೆಯ ವಿಧಗಳ ಪಟ್ಟಿಯಲ್ಲಿ ಸಂಬಳದ ಕೆಲಸ ಮತ್ತು ಕುಟುಂಬದ ಜವಾಬ್ದಾರಿಗಳೂ ಸೇರಿವೆ. ಶಾಲೆ ಬಿಟ್ಟ ಮೇಲೆ ತಂದೆಯ ಕಿರಾಣಿ ಅಂಗಡಿಯ ಲೆಕ್ಕ ಬರೆಯುವ ಹುಡುಗ, ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಂಡು ತರಗತಿಗೆ ಬರುವ ಹುಡುಗಿ, ತಮಗೆ ಯಾವ ಚಟುವಟಿಕೆಯೂ ಇಲ್ಲವೆಂದು ಆ ಜಾಗವನ್ನು ಖಾಲಿ ಬಿಡುವುದುಂಟು. ಹಾಗೆ ಬಿಡಬಾರದು. ಗಂಟೆಗಳನ್ನು ಪ್ರಾಮಾಣಿಕವಾಗಿ ಲೆಕ್ಕ ಹಾಕಿ, ಮಾಡಿದ ಕೆಲಸವನ್ನು ಇದ್ದಂತೆಯೇ ಬರೆಯಬೇಕು.

ಇಂಗ್ಲೆಂಡಿನ ಪದ್ಧತಿ ಭಿನ್ನವಾಗಿದೆ. 2026ರ ಪ್ರವೇಶದಿಂದ ಅಲ್ಲಿನ ಯೂಕಾಸ್ ಅರ್ಜಿಯ ವೈಯಕ್ತಿಕ ಹೇಳಿಕೆಯನ್ನು ಮೂರು ಪ್ರಶ್ನೆಗಳಾಗಿ ವಿಂಗಡಿಸಲಾಗಿದೆ. ಕೋರ್ಸನ್ನು ಆರಿಸಿದ್ದೇಕೆ, ಓದಿನಿಂದ ಆದ ಸಿದ್ಧತೆ ಏನು, ಓದಿನ ಹೊರಗೆ ಆದ ಸಿದ್ಧತೆ ಏನು ಎಂಬುವು ಆ ಪ್ರಶ್ನೆಗಳು. ಅಲ್ಲಿ ಆರಿಸಿದ ವಿಷಯಕ್ಕೆ ಸಂಬಂಧಪಟ್ಟ ಓದು ಮತ್ತು ಪ್ರಯೋಗಗಳಿಗೆ ಪ್ರಾಶಸ್ತ್ಯ. ವೈದ್ಯಕೀಯಕ್ಕೆ ಅರ್ಜಿ ಹಾಕುವವರ ಫುಟ್‌ಬಾಲ್ ಪದಕಕ್ಕಿಂತ ವೃದ್ಧಾಶ್ರಮದ ಸೇವೆಯ ಅನುಭವಕ್ಕೆ ಹೆಚ್ಚು ಅರ್ಥ ಬರುತ್ತದೆ.

ಎಷ್ಟು ಚಟುವಟಿಕೆಗಳು?

ಮೇಲಿನ ಎಲ್ಲ ಮಾರ್ಗಗಳನ್ನು ಒಟ್ಟಿಗೆ ನೋಡಿದಾಗ, ಹೆಚ್ಚಿನ ವಿದ್ಯಾರ್ಥಿಗಳಿಗೆ ಒಂದು ಅಥವಾ ಎರಡು ಚಟುವಟಿಕೆಗಳೇ ಸಾಕು. ಮಗುವಿಗೆ ನಿಜವಾಗಿ ಇಷ್ಟವಿರುವುದನ್ನು ಮೊದಲು ಗುರುತಿಸಬೇಕು. ಯಾವ ಪ್ರವರ್ಗದಲ್ಲಿ ಸೀಟು ಸುಲಭವೆಂದು ನೋಡಿ ಆಮೇಲೆ ಮಗುವನ್ನು ಅದಕ್ಕೆ ಹೊಂದಿಸುವುದು ಬಹಳ ದಿನ ನಡೆಯುವುದಿಲ್ಲ. ಮುಂಜಾನೆ ಐದಕ್ಕೆ ಎದ್ದು ಕವಾಯತಿಗೆ ಹೋಗುವುದು ಇಷ್ಟವಿಲ್ಲದವರ ಹಾಜರಾತಿ ಶೇಕಡ 75 ತಲುಪುವುದು ಅಪರೂಪ. ಇಷ್ಟವಿರುವ ಚಟುವಟಿಕೆಯು ಯಾವ ಮಾರ್ಗದಲ್ಲಿಯೂ ಸೀಟಿಗೆ ನೆರವಾಗದಿದ್ದರೆ, ಅದು ಸಂತೋಷಕ್ಕಾಗಿ ಮಾತ್ರ ಎಂದು ತಿಳಿದೇ ಮುಂದುವರಿಸಬಹುದು.

ದಾಖಲೆಗಳ ವಿಷಯ

ಅರ್ಹತೆ ಇದ್ದೂ ಸೀಟು ತಪ್ಪಲು ದಾಖಲೆಗಳ ದೋಷವೂ ಒಂದು ಕಾರಣ. ಪ್ರಮಾಣಪತ್ರದಲ್ಲಿನ ಅಭ್ಯರ್ಥಿಯ ಹೆಸರು, ತಂದೆ ತಾಯಿಯರ ಹೆಸರು ಮತ್ತು ಜನ್ಮದಿನಾಂಕವು ಎಸ್.ಎಸ್.ಎಲ್.ಸಿ. ಅಂಕಪಟ್ಟಿಯೊಂದಿಗೆ ತಾಳೆಯಾಗಬೇಕು. ಮೈದಾನದಲ್ಲಿ ಅವಸರದಿಂದ ಕೈಯಲ್ಲಿ ಬರೆದುಕೊಡುವ ಪ್ರಮಾಣಪತ್ರಗಳಲ್ಲಿ ಇನಿಷಿಯಲ್ ಬಿಟ್ಟುಹೋಗುವುದು, ಕರೆಯುವ ಹೆಸರನ್ನೇ ಬರೆಯುವುದು ಸಾಮಾನ್ಯ. ತಪ್ಪನ್ನು ಅಂದೇ, ಇಲ್ಲವೇ ಅದೇ ತಿಂಗಳು ಸರಿಪಡಿಸಿಕೊಳ್ಳುವುದು ಸುಲಭ. ನಾಲ್ಕು ವರ್ಷಗಳ ನಂತರ ಸಂಘಟಕರನ್ನು ಹುಡುಕಿ ಸಹಿ ಪಡೆಯುವುದು ದುಸ್ತರ. ಸ್ಪರ್ಧೆಯ ಹೆಸರು, ದಿನಾಂಕ, ಸ್ಥಳ, ಪಡೆದ ಸ್ಥಾನ, ಸಹಿ ಮತ್ತು ಮೊಹರು ಸ್ಪಷ್ಟವಾಗಿರುವುದನ್ನು ಪಡೆದ ಕೂಡಲೇ ನೋಡಿಕೊಳ್ಳುವುದು. ಮೂಲ ಪ್ರಮಾಣಪತ್ರಗಳನ್ನು ಲ್ಯಾಮಿನೇಟ್ ಮಾಡಿಸದೆ ಕಡತದಲ್ಲಿ ಇರಿಸಿ, ನಕಲುಗಳನ್ನು ಬೇರೆಯಾಗಿ ಇಟ್ಟುಕೊಳ್ಳುವುದು.

ಸಿ.ಇ.ಟಿ.ಯಲ್ಲಿ ವಿಶೇಷ ಪ್ರವರ್ಗವನ್ನು ಆನ್‌ಲೈನ್ ಅರ್ಜಿ ತುಂಬುವಾಗಲೇ ಕೋರಬೇಕು. ಸೈಬರ್ ಕೇಂದ್ರಗಳಲ್ಲಿ ಅರ್ಜಿ ತುಂಬಿಸುವವರು ಆ ಕಲಂ ಅನ್ನು ಅನವಶ್ಯಕವೆಂದು ದಾಟಿಸುವ ಸಂಭವವಿರುವುದರಿಂದ, ಸಲ್ಲಿಸುವ ಮೊದಲು ಅಭ್ಯರ್ಥಿಯು ಸ್ವತಃ ಓದಿ ನೋಡುವುದು ಕಡ್ಡಾಯವೆಂದೇ ಭಾವಿಸಬೇಕು. ಅರ್ಜಿಯಲ್ಲಿ ಕೋರದ ಪ್ರವರ್ಗವನ್ನು ನಂತರ ಕೋರಲು ಬರುವುದಿಲ್ಲ. ಯಾವ ಹಂತದ ಪ್ರಮಾಣಪತ್ರ ಬೇಕು, ಯಾವ ದಿನ ಮೂಲ ದಾಖಲೆಗಳೊಂದಿಗೆ ಹಾಜರಾಗಬೇಕು ಎಂಬ ವಿವರವನ್ನು ಪ್ರಾಧಿಕಾರವು ಪ್ರತಿ ವರ್ಷ ಪ್ರಕಟಿಸುವ ಮಾಹಿತಿ ಪುಸ್ತಿಕೆಯಲ್ಲಿಯೇ ನೋಡಬೇಕು; ಹಿಂದಿನ ವರ್ಷ ಸೀಟು ಪಡೆದವರ ಮಾತನ್ನು ನಂಬಿ ಕುಳಿತುಕೊಳ್ಳಬಾರದು.

ಹೆಚ್ಚಿನ ವಿವರಗಳಿಗೆ ಶಾಲೆಯ ಮುಖ್ಯೋಪಾಧ್ಯಾಯರನ್ನು, ಕ್ರೀಡೆಗೆ ಸಂಬಂಧಿಸಿದಂತೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿರುವ ತಾಲ್ಲೂಕು ದೈಹಿಕ ಶಿಕ್ಷಣ ಪರಿವೀಕ್ಷಣಾಧಿಕಾರಿಗಳನ್ನು, ಎನ್.ಸಿ.ಸಿ.ಗೆ ಸಂಬಂಧಿಸಿದಂತೆ ಶಾಲೆಯ ಎನ್.ಸಿ.ಸಿ. ಅಧಿಕಾರಿ ಅಥವಾ ಹತ್ತಿರದ ಬೆಟಾಲಿಯನ್ ಕಚೇರಿಯನ್ನು, ಸ್ಕೌಟ್ಸ್ ಮತ್ತು ಗೈಡ್ಸ್‌ಗೆ ಸಂಬಂಧಿಸಿದಂತೆ ಜಿಲ್ಲಾ ಸಂಸ್ಥೆಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.